ಉಚಿತವಾಗಿ ಹಂಚಿದ 3ಡಿ ಮಾದರಿ, ಕೇಳದೆ ಒಯ್ದ ಕಂಪನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಕಲಾ ವಿದ್ಯಾರ್ಥಿಗಳು, ಹುಬ್ಬಳ್ಳಿಯ ಪ್ರಿಂಟ್ ಅಂಗಡಿಯವರು, ಗದಗ ಮತ್ತು ಹಾವೇರಿಯಿಂದ ಪತ್ರ ಬರೆಯುವ ಶಿಲ್ಪಿಗಳು, ಮನೆಯಲ್ಲೇ ಕೂತು ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಕಲಿತವರು. ಇವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಪ್ರೀತಿಯಿಂದ ಮಾಡಿ, ಯಾರಿಗಾದರೂ ಉಪಯೋಗವಾಗಲಿ ಅಂತ ಇಂಟರ್‌ನೆಟ್‌ಗೆ ಹಾಕಿದ 3ಡಿ ಮಾದರಿಯನ್ನು (ಕಂಪ್ಯೂಟರಿನಲ್ಲಿ ರೂಪಿಸಿದ, 3ಡಿ ಪ್ರಿಂಟರಿನಲ್ಲಿ ವಸ್ತುವಾಗಿ ತೆಗೆಯಬಹುದಾದ ಆಕೃತಿಯ ಫೈಲ್) ಒಂದು ಕಂಪನಿ ಕೇಳದೆ ಎತ್ತಿಕೊಂಡು ಮಾರಿದರೆ ಏನು ಮಾಡಬೇಕು? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಉತ್ತರಗಳು ಭಾರತದ ಕಾನೂನಿನ ಪ್ರಕಾರ ಇವೆ. ಹೊರದೇಶದ ತೀರ್ಪು ಬಂದ ಕಡೆ ಹಾಗಂತ ಹೇಳಿದ್ದೇನೆ. ನಾನು ಮಾದರಿ ಮಾಡುವವನು, ವಕೀಲನಲ್ಲ. ದೊಡ್ಡ ಮೊತ್ತದ ವ್ಯವಹಾರವಾದರೆ ಈ ಪುಟ ಓದಿಕೊಂಡು ವಕೀಲರ ಹತ್ತಿರ ಹೋಗಿ.

## ಮೊದಲು ತಿಳಿಯಬೇಕಾದ್ದು

“ಫ್ರೀ ಅಂತ ಹಾಕಿದ ಮ್ಯಾಲ ಅದು ಎಲ್ಲಾರದೂ ಆತಲ್ರೀ?”

ಇಲ್ಲ. ಡೌನ್‌ಲೋಡ್‌ಗೆ ದುಡ್ಡು ಕೇಳದಿದ್ದ ಮಾತ್ರಕ್ಕೆ ಹಕ್ಕು ಬಿಟ್ಟಂತಾಗುವುದಿಲ್ಲ. ಸಿದ್ಧಾರೂಢ ಮಠದ ದಾಸೋಹದಲ್ಲಿ ಯಾರು ಬೇಕಾದರೂ ಕೂತು ಉಣ್ಣಬಹುದು. ಆದರೆ ಅಲ್ಲಿಂದ ಬಕೆಟ್ ತುಂಬಿಕೊಂಡು ಹೋಗಿ ಖಾನಾವಳಿ ನಡೆಸಿದರೆ ಯಾರೂ ಒಪ್ಪುವುದಿಲ್ಲ, ಅಲ್ವಾ?

ಹಕ್ಕು ಬಿಡಲೇಬೇಕು ಅನ್ನುವವರಿಗೆ ಕಾನೂನಿನಲ್ಲಿ ಬೇರೆ ದಾರಿ ಇದೆ. 1957ರ ಕಾಪಿರೈಟ್ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಕಾಪಿರೈಟ್ ರಿಜಿಸ್ಟ್ರಾರ್‌ಗೆ ನೋಟಿಸ್ ಕೊಟ್ಟು ಅಥವಾ ಸಾರ್ವಜನಿಕ ಪ್ರಕಟಣೆ ಮಾಡಿ ಬಿಡಬೇಕು. ‘ಫ್ರೀ’ ಅನ್ನುವ ಬಟನ್ ಒತ್ತಿದ ಮಾತ್ರಕ್ಕೆ ಅದು ಆಗುವುದಿಲ್ಲ.

ಈ ಜಗಳ ಹಳೆಯದು. 2016ರ ಫೆಬ್ರವರಿಯಲ್ಲಿ ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಒಬ್ಬ ಮಾರಾಟಗಾರ, 3ಡಿ ಮಾದರಿ ಹಂಚುವ ಥಿಂಗಿವರ್ಸ್ ತಾಣದ ಮಾದರಿಗಳನ್ನು ರಾಶಿ ರಾಶಿ ಪ್ರಿಂಟ್ ಮಾಡಿ ಮಾರಾಟಕ್ಕಿಟ್ಟ. ಅದರಲ್ಲಿ ‘ವ್ಯಾಪಾರಕ್ಕೆ ಬಳಸಬೇಡಿ’ ಎಂಬ ಷರತ್ತಿನಲ್ಲಿ ಹಂಚಿದ್ದ ಒಂದು ಪುಟ್ಟ ಡ್ರ್ಯಾಗನ್ ಕೂಡ ಇತ್ತು. ಅದನ್ನು ಮಾಡಿದ ಕಲಾವಿದೆ ಪ್ರಶ್ನಿಸಿದಾಗ, ಅಪ್‌ಲೋಡ್ ಆದ ಕೂಡಲೇ ಅದು ಸಾರ್ವಜನಿಕರ ಸ್ವತ್ತು ಎಂಬ ಉತ್ತರ ಬಂತು. ಕಲಾವಿದರು ಒಟ್ಟಾಗಿ ದನಿ ಎತ್ತಿದ ಮೇಲೆ ಆ ಮಾರಾಟದ ಪುಟಗಳು ಇಳಿದವು. ಮಾರಾಟಗಾರ ಅಂದು ಹೇಳಿದ ಆ ಮಾತನ್ನು ಇವತ್ತಿಗೂ ನಮ್ಮ ಕಡೆಯ ಕಂಪನಿಗಳು ಹೇಳುತ್ತವೆ. ಅದು ಅಂದೂ ತಪ್ಪು, ಇಂದೂ ತಪ್ಪು.

“ಕಂಪ್ಯೂಟರಿನ್ಯಾಗ ಮಾಡಿದ್ದಕ್ಕೂ ಕಾಪಿರೈಟ್ ಐತೇನ್ರಿ? ಕೈಲೆ ಕೆತ್ತಿಲ್ಲ ಏನಿಲ್ಲ.”

ಇದೆ. ಕಾಯ್ದೆ ‘ಕಲಾಕೃತಿ’ ಅನ್ನುವಲ್ಲಿ ಚಿತ್ರ, ರೇಖಾಚಿತ್ರ, ನಕ್ಷೆ, ಶಿಲ್ಪ, ಫೋಟೋ ಎಲ್ಲ ಬರುತ್ತವೆ. ಅದು ಚೆಂದ ಇದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ಶಿಲ್ಪ ಎಂಬುದರಲ್ಲಿ ಅಚ್ಚು ಮತ್ತು ಮಾದರಿ ಸೇರುತ್ತವೆ ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. 14ನೇ ಸೆಕ್ಷನ್ ಇನ್ನೂ ಮುಖ್ಯ. ಕೃತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳುವುದು, ಚಪ್ಪಟೆ ಚಿತ್ರವನ್ನು ಮೂರು ಆಯಾಮಕ್ಕೆ ತರುವುದು, ಮೂರು ಆಯಾಮದ್ದನ್ನು ಚಿತ್ರ ಮಾಡುವುದು, ಇವೆಲ್ಲ ಮಾಲೀಕನ ಹಕ್ಕುಗಳು. ಹಾಗಾಗಿ ಫೈಲ್ ನಕಲು ಮಾಡಿದರೂ, ಪ್ರಿಂಟ್ ತೆಗೆದರೂ, ಮಾದರಿಯ ಚಿತ್ರವನ್ನು ಕ್ಯಾಟಲಾಗ್‌ನಲ್ಲಿ ಹಾಕಿದರೂ ನಿಮ್ಮನ್ನು ಕೇಳಬೇಕು. ಈ ಹಕ್ಕು ನೀವು ಬದುಕಿರುವವರೆಗೆ ಇರುತ್ತದೆ, ನಿಮ್ಮ ನಂತರ 60 ವರ್ಷ ನಿಮ್ಮ ವಾರಸುದಾರರಿಗೆ.

ಬ್ಲೆಂಡರ್ ಉಚಿತ ತಂತ್ರಾಂಶ, ಆದ್ದರಿಂದ ಅದರಲ್ಲಿ ಮಾಡಿದ್ದೂ ಉಚಿತ ಎಂಬ ವಾದವನ್ನು ಕೆಲವರು ತರುತ್ತಾರೆ. ಬ್ಲೆಂಡರ್‌ನ ಲೈಸೆನ್ಸ್ ಆ ತಂತ್ರಾಂಶಕ್ಕೆ ಮಾತ್ರ. ಅದರಲ್ಲಿ ನೀವು ಮಾಡಿದ ಕೆಲಸ ನಿಮ್ಮದೇ.

“ರಿಜಿಸ್ಟರ್ ಮಾಡಿಸಿಲ್ಲ. ಹಂಗಾರ ನನ್ನ ಕೈಯಾಗ ಏನೂ ಇಲ್ಲೇನು?”

ಇದೆ. ಕೃತಿ ಹುಟ್ಟಿದ ಕ್ಷಣವೇ ಕಾಪಿರೈಟ್ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಕೋರ್ಟಿನಲ್ಲಿ ಮೇಲ್ನೋಟದ ಸಾಕ್ಷ್ಯವಾಗಿ ನಿಲ್ಲುತ್ತದೆ, ಅಷ್ಟು ಅನುಕೂಲ ಉಂಟು. 2013ರ ನಿಯಮಗಳ ಪ್ರಕಾರ ಕಲಾಕೃತಿಗೆ ಶುಲ್ಕ 500 ರೂಪಾಯಿ. ಸರಕಿನ ಮೇಲೆ ಬಳಸುವಂಥದ್ದಾದರೆ 2,000 ರೂಪಾಯಿ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಆಕ್ಷೇಪಣೆಗೆ 30 ದಿನ ಬಿಡುತ್ತಾರೆ. ಎಲ್ಲ ಮಾದರಿಗೂ ಮಾಡಿಸುವ ಅಗತ್ಯ ಇಲ್ಲ. ಜನ ಹೆಚ್ಚು ಇಳಿಸಿಕೊಳ್ಳುವ, ಮಾರಾಟದ ಬೆಲೆ ಇರುವ ಒಂದೆರಡಕ್ಕೆ ಮಾಡಿಸಿ.

“ಗಣಪತಿ, ಬಸವಣ್ಣ, ಮಣ್ಣೆತ್ತು ಎಲ್ಲಾರ ದೇವ್ರು. ಅದರ ಮ್ಯಾಲ ನಿಮಗೆಂಥಾ ಹಕ್ಕು?”

ದೇವರ ಮೇಲೆ ಯಾರಿಗೂ ಹಕ್ಕಿಲ್ಲ. ಕಾರ ಹುಣ್ಣಿಮೆ ಆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಊರೂರಲ್ಲಿ ಎತ್ತು ಮಾಡುತ್ತಾರೆ. ‘ಮಣ್ಣಿನ ಜೋಡೆತ್ತು’ ಎಂಬ ಕಲ್ಪನೆ ಯಾರೊಬ್ಬರ ಸ್ವತ್ತೂ ಅಲ್ಲ. ಕಸೂತಿಯ ಗೋಪುರ, ತೇರು, ತುಳಸಿ ಕಟ್ಟೆ, ಆನೆಗಳೂ ಹಾಗೆಯೇ. ಆದರೆ ನೀವು ಮಾಡಿದ ಎತ್ತಿನ ಕೊಂಬಿನ ಬಾಗು, ಇಣಿಯ ಉಬ್ಬು, ಗೆಜ್ಜೆ ಸರದ ಇಳಿಜಾರು, ಮುಖದ ಭಾವ ನಿಮ್ಮ ಆಯ್ಕೆ. ಅದಕ್ಕೆ ರಕ್ಷಣೆ ಇದೆ. ಕಲ್ಪನೆಗೆ ಕಾಪಿರೈಟ್ ಇಲ್ಲ, ಅದನ್ನು ಮೂಡಿಸಿದ ರೀತಿಗೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿತು.

ಕಂಪನಿಯವರು ತಮ್ಮ ಕಲಾವಿದರನ್ನು ಕೂರಿಸಿ ಬೇರೆ ಎತ್ತು ಮಾಡಿಸಲಿ, ನಾನು ಒಂದು ಮಾತೂ ಆಡುವುದಿಲ್ಲ. ನನ್ನ ಫೈಲನ್ನೇ ಇಳಿಸಿಕೊಂಡು ಮಾರುವುದು ಬೇರೆ.

## ಲೈಸೆನ್ಸ್ ವಿಚಾರ

“ಸಿಸಿ ಬೈ, ಎನ್‌ಸಿ, ಎನ್‌ಡಿ ಅಂತ ಏನೇನೋ ಇರತಾವು. ಯಾವುದು ಹಚ್ಚಬೇಕು?”

ಇವು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ 2002ರಿಂದ ಕೊಡುತ್ತಿರುವ ಸಿದ್ಧ ಲೈಸೆನ್ಸುಗಳು. ಈಗ ಬಳಕೆಯಲ್ಲಿರುವ 4.0 ಆವೃತ್ತಿ 2013ರದ್ದು. ‘ಬೈ’ ಇದ್ದರೆ ನಿಮ್ಮ ಹೆಸರು ಹಾಕಲೇಬೇಕು. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎನ್‌ಡಿ’ ಇದ್ದರೆ ಬದಲಾಯಿಸಿ ಹಂಚುವಂತಿಲ್ಲ. ‘ಎಸ್‌ಎ’ ಇದ್ದರೆ ಬದಲಾಯಿಸಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಸಿಸಿ ಝೀರೋ ಅಂದರೆ ಎಲ್ಲವನ್ನೂ ಬಿಟ್ಟುಕೊಟ್ಟಂತೆ.

ಇಲ್ಲೇ ಜನ ಎಡವುತ್ತಾರೆ. ಬರೀ ‘ಸಿಸಿ ಬೈ’ ಹಚ್ಚಿದರೆ ಕಂಪನಿ ನಿಮ್ಮ ಹೆಸರು ಹಾಕಿ ಧಾರಾಳವಾಗಿ ಮಾರಬಹುದು. ಆಮೇಲೆ ದೂರುವಂತಿಲ್ಲ. ಶಾಲೆ, ಮನೆ, ಹವ್ಯಾಸಕ್ಕೆ ಉಚಿತ, ವ್ಯಾಪಾರಕ್ಕೆ ನನ್ನನ್ನು ಕೇಳಿ ಅನ್ನುವ ಮನಸ್ಸಿದ್ದರೆ ‘ಸಿಸಿ ಬೈ ಎನ್‌ಸಿ’ ಅಥವಾ ‘ಸಿಸಿ ಬೈ ಎನ್‌ಸಿ ಎಸ್‌ಎ’ ಸರಿಯಾದದ್ದು. ನಮ್ಮ ಕಡೆಯ ಕಲಾವಿದರಿಗೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಜೊತೆಗೆ ಕನ್ನಡದಲ್ಲೂ ಒಂದು ಸಾಲು ಬರೆಯಿರಿ: ‘ಮಾರಾಟಕ್ಕೆ ಬಳಸುವ ಮುಂಚೆ ಈ ವಿಳಾಸಕ್ಕೆ ಬರೆದು ಒಪ್ಪಿಗೆ ಪಡೆಯಿರಿ.’ ಅದನ್ನು ಪುಟದ ವಿವರಣೆಯಲ್ಲಿ ಮಾತ್ರ ಬಿಡಬೇಡಿ. ಜಿಪ್ ಫೈಲಿನೊಳಗೆ ಒಂದು ಟೆಕ್ಸ್ಟ್ ಫೈಲ್ ಆಗಿಯೂ ಹಾಕಿ. ಫೈಲ್ ಒಬ್ಬರ ವಾಟ್ಸಾಪ್‌ನಿಂದ ಇನ್ನೊಬ್ಬರಿಗೆ ಹೋಗುವಾಗ ಪುಟ ಹಿಂದೆ ಉಳಿಯುತ್ತದೆ, ಟೆಕ್ಸ್ಟ್ ಫೈಲ್ ಜೊತೆಗೇ ಹೋಗುತ್ತದೆ.

ಎನ್‌ಸಿ ನೋಡುವುದು ಬಳಕೆಯನ್ನು, ಬಳಸುವವರು ಯಾರು ಅನ್ನುವುದನ್ನಲ್ಲ. ಟ್ರಸ್ಟ್ ಒಂದು ನಿಮ್ಮ ಮಾದರಿಯನ್ನು ಮಾರಿ ದುಡ್ಡು ಮಾಡಿದರೂ ಅದು ವ್ಯಾಪಾರವೇ.

“ನಾ ಲೈಸೆನ್ಸ್ ಅಂತ ಏನೂ ಬರದೇ ಇಲ್ಲ. ಸುಮ್ನೆ ಗ್ರೂಪಿಗೆ ಹಾಕೀನಿ.”

ಹಾಗಿದ್ದರೆ ಎಲ್ಲ ಹಕ್ಕೂ ನಿಮ್ಮಲ್ಲೇ ಇವೆ. ಲೈಸೆನ್ಸ್ ಇಲ್ಲ ಅಂದರೆ ಅನುಮತಿ ಇಲ್ಲ ಅಂತ. ಭಾರತದಲ್ಲಿ ಕಾಪಿರೈಟ್ ಲೈಸೆನ್ಸ್ ಬರಹದಲ್ಲಿರಬೇಕು ಎಂದು 30ನೇ ಸೆಕ್ಷನ್ ಹೇಳುತ್ತದೆ. ‘ಗ್ರೂಪಿನಲ್ಲಿ ಸಿಕ್ಕಿತು’ ಅನ್ನುವುದು ಕಂಪನಿಯ ಪಾಲಿಗೆ ಉತ್ತರವಾಗುವುದಿಲ್ಲ.

“ಗಿರಾಕಿ ಪೆನ್‌ಡ್ರೈವಿನ್ಯಾಗ ಎನ್‌ಸಿ ಫೈಲ್ ತಂದು ‘ಹೊಡದ ಕೊಡ್ರಿ’ ಅಂತಾರ. ನಾ ಪ್ರಿಂಟ್ ಚಾರ್ಜ್ ತಗೊಂಡ್ರ ತಪ್ಪಾಗತೈತೇನು?”

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯ ಅಂಗಡಿಯವರಿಂದ ಬರುವ ಪ್ರಶ್ನೆ ಇದು. ಕೇಳುವವರು ನ್ಯಾಯವಾಗಿ ನಡೆಯಬೇಕು ಅನ್ನುವವರು, ಹಾಗಾಗಿ ಸರಿಯಾದ ಉತ್ತರ ಕೊಡಬೇಕು.

ಅಮೆರಿಕದಲ್ಲಿ ಇದಕ್ಕೆ ಹತ್ತಿರದ ಮೊಕದ್ದಮೆ ನಡೆದಿದೆ. ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ತನ್ನ ಗಣಿತ ಪಾಠಗಳನ್ನು ಎನ್‌ಸಿ ಲೈಸೆನ್ಸಿನಲ್ಲಿ ಹಂಚಿತ್ತು. ಶಾಲೆಗಳು ಅವನ್ನು ಫೆಡೆಕ್ಸ್‌ನ ಝೆರಾಕ್ಸ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರತಿ ಮಾಡಿಸಿದವು. ಸಂಸ್ಥೆ ಅಂಗಡಿಯ ಮೇಲೆ ಕೇಸು ಹಾಕಿತು. 2018ರಲ್ಲಿ ಮೇಲ್ಮನವಿ ಕೋರ್ಟ್ ಅಂಗಡಿಯ ಪರ ನಿಂತಿತು. ಬಳಕೆ ಶಾಲೆಯದ್ದು, ಅದು ವ್ಯಾಪಾರವಲ್ಲ, ಅಂಗಡಿ ಶಾಲೆ ಹೇಳಿದ ಕೆಲಸ ಮಾಡಿದೆ ಅಷ್ಟೇ ಎಂದಿತು. ಆಫೀಸ್ ಡಿಪೋ ಎಂಬ ಇನ್ನೊಂದು ಅಂಗಡಿಯ ವಿರುದ್ಧದ ಕೇಸಿನಲ್ಲೂ ಮುಂದಿನ ವರ್ಷ ಹೀಗೇ ಆಯಿತು. ಈ ತೀರ್ಪುಗಳು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ತರ್ಕ ಸರಿ ಅಂತ ನನ್ನ ಅಭಿಪ್ರಾಯ.

ಹಾಗಾಗಿ ಗಿರಾಕಿ ತನ್ನ ಮನೆಗೆ, ಮಗಳ ಶಾಲೆಯ ಪ್ರಾಜೆಕ್ಟಿಗೆ ಒಂದು ಪ್ರಿಂಟ್ ಕೇಳಿದರೆ ಮಾಡಿಕೊಡಿ. ಅದೇ ಫೈಲಿನ ಇನ್ನೂರು ಪ್ರತಿ ಬೇಕು, ಮದುವೆ ಉಡುಗೊರೆ ಅಂಗಡಿಗೆ ಅಂದರೆ ಲೈಸೆನ್ಸ್ ತೋರಿಸಿ ಅನ್ನಿ. ನೀವೇ ಫೈಲ್ ಇಳಿಸಿ, ಪ್ರಿಂಟ್ ಮಾಡಿ, ಗಾಜಿನ ಕಪಾಟಿನಲ್ಲಿ ಬೆಲೆ ಹಚ್ಚಿ ಇಟ್ಟರೆ ಅಲ್ಲಿ ವ್ಯಾಪಾರಿ ನೀವೇ ಆಗುತ್ತೀರಿ.

“ಒಮ್ಮೆ ಸಿಸಿ ಹಚ್ಚಿದ್ದನ್ನ ವಾಪಸ್ ತಗೋಬಹುದೇನು?”

ಪುಟದಿಂದ ಫೈಲ್ ತೆಗೆಯಬಹುದು. ಮುಂದೆ ಬೇರೆ ಷರತ್ತಿನಲ್ಲಿ ಹಂಚಬಹುದು. ಆದರೆ ಹಳೆಯ ಷರತ್ತಿನಲ್ಲಿ ಆಗಲೇ ಪಡೆದವರಿಂದ ಅದನ್ನು ಕಿತ್ತುಕೊಳ್ಳಲಾಗದು. ಸಡಿಲಿಸುವುದು ಯಾವಾಗಲೂ ಸುಲಭ. 3ಡಿಬೆಂಚಿ ಎಂಬ ಪುಟ್ಟ ದೋಣಿ ಎಲ್ಲ ಪ್ರಿಂಟರ್ ಅಂಗಡಿಯಲ್ಲೂ ಕಾಣುತ್ತದೆ. ಸ್ವೀಡನ್ನಿನ ಕ್ರಿಯೇಟಿವ್ ಟೂಲ್ಸ್ ಅದನ್ನು 2015ರಲ್ಲಿ ಎನ್‌ಡಿ ಷರತ್ತಿನಲ್ಲಿ ಬಿಟ್ಟಿತ್ತು. ಜನ ವರ್ಷಗಟ್ಟಲೆ ಅದನ್ನು ತಿದ್ದಿ ಹಂಚಿದರು. 2025ರ ಜನವರಿಯಲ್ಲಿ ಪ್ರಿಂಟಬಲ್ಸ್ ತಾಣದಿಂದ ಆ ತಿದ್ದಿದ ಆವೃತ್ತಿಗಳು ಇಳಿದಾಗ ಗದ್ದಲವಾಯಿತು. ಫೆಬ್ರವರಿಯಲ್ಲಿ, ಆ ಹೊತ್ತಿಗೆ ಅದರ ಹಕ್ಕು ಪಡೆದಿದ್ದ ಎನ್‌ಟಿಐ ಕಂಪನಿ ದೋಣಿಯನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿತು. ಇನ್ನು ಅದನ್ನು ಯಾರೂ ಹಿಂದಕ್ಕೆ ತರಲಾರರು. ಅದಕ್ಕೇ ಮೊದಲು ಬಿಗಿಯಾದದ್ದನ್ನು ಆರಿಸಿ, ಬೇಕಾದರೆ ಆಮೇಲೆ ಬಿಡಿ.

## ಕಂಪನಿ ಒಯ್ದದ್ದು ಗೊತ್ತಾದಾಗ

“ನನ್ನ ಮಾದರಿ ಮಾರಾಕತ್ತಾರ! ಮೊದಲ ಏನ್ ಮಾಡ್ಲಿ?”

ಮೊದಲು ಸುಮ್ಮನಿರಿ. ಫೇಸ್‌ಬುಕ್‌ನಲ್ಲಿ ಬೈಯಬೇಡಿ, ಕಂಪನಿಗೆ ಫೋನ್ ಮಾಡಬೇಡಿ. ಅವರಿಗೆ ಸುಳಿವು ಸಿಕ್ಕರೆ ಪುಟ ಅಳಿಸುತ್ತಾರೆ, ನಿಮ್ಮ ಸಾಕ್ಷ್ಯ ಹೋಗುತ್ತದೆ.

ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಳಾಸ, ದಿನಾಂಕ, ಬೆಲೆ, ಮಾರಾಟಗಾರರ ಹೆಸರು ಕಾಣುವಂತಿರಲಿ. ಅದೇ ಪುಟವನ್ನು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ. ಆಗ ದಿನಾಂಕಕ್ಕೆ ನಿಮ್ಮ ಮಾತಲ್ಲದೆ ಮೂರನೆಯವರ ದಾಖಲೆ ಸಿಗುತ್ತದೆ. ಆಮೇಲೆ ಒಂದು ವಸ್ತು ಕೊಂಡುಕೊಳ್ಳಿ. ಬಿಲ್, ಡಬ್ಬಿ, ಕೊರಿಯರ್ ಚೀಟಿ ಎಲ್ಲ ಇಟ್ಟುಕೊಳ್ಳಿ. ಕೈಗೆ ಬಂದ ವಸ್ತುವನ್ನು ನಿಮ್ಮ ಮೂಲ ಫೈಲಿನ ಪಕ್ಕ ಇಟ್ಟು ನೋಡಿ. ಮೆಶ್‌ನಲ್ಲಿ (ಮಾದರಿಯ ಮೇಲ್ಮೈಯನ್ನು ಕಟ್ಟುವ ತ್ರಿಕೋನಗಳ ಬಲೆ) ನೀವು ಬಿಟ್ಟ ಒಂದು ತಪ್ಪು ತ್ರಿಕೋನ, ಬೆನ್ನ ಹಿಂದೆ ಯಾರಿಗೂ ಕಾಣದ ಒಂದು ಗೆರೆ, ಅಡಿಯಲ್ಲಿ ಹಾಕಿದ ಸಣ್ಣ ಗುರುತು ಅಲ್ಲೂ ಇದ್ದರೆ ವಾದವೇ ಮುಗಿಯುತ್ತದೆ. ಇನ್ನು ಮುಂದೆ ಮಾಡುವ ಮಾದರಿಗಳಲ್ಲಿ ಇಂಥ ಒಂದು ಗುರುತು ಬೇಕೆಂದೇ ಇಡಿ.

ನಿಮ್ಮ ಕಡೆಯ ಸಾಕ್ಷ್ಯವೂ ಬೇಕು. ಪ್ರಿಂಟಿಗೆ ಕೊಡುವ ಎಸ್‌ಟಿಎಲ್ ಫೈಲ್ ಒಂದೇ ಸಾಲದು, ಅದು ಅವರ ಹತ್ತಿರವೂ ಇದೆ. ಬ್ಲೆಂಡರ್‌ನ ಕೆಲಸದ ಫೈಲುಗಳು, ಹಂತ ಹಂತದ ಆವೃತ್ತಿಗಳು, ಕಾಗದದ ಮೇಲೆ ಬರೆದ ಮೊದಲ ಚಿತ್ರ, ಅಪ್‌ಲೋಡ್ ಆದ ದಿನದ ಪುಟ, ಇವು ನಿಮ್ಮ ಹತ್ತಿರ ಮಾತ್ರ ಇರುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ಇರಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಮೂಲ ಫೈಲುಗಳನ್ನು ತೆರೆದು ಮತ್ತೆ ಸೇವ್ ಮಾಡಿದರೆ ಅದು ಬದಲಾಗುತ್ತದೆ. ಆದ್ದರಿಂದ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಡ್ರೈವಿನಲ್ಲಿ ಇಡಿ.

“ಪತ್ರದಾಗ ಏನು ಬರೀಬೇಕು? ಜೋರು ಮಾಡ್ಲ್ಯೋ, ಮೆತ್ತಗ ಬರೀಲ್ಯೋ?”

ನಯವಾಗಿ, ಖಚಿತವಾಗಿ. ಮಾದರಿ ಯಾವುದು, ಎಂದು ಪ್ರಕಟವಾಯಿತು, ಯಾವ ಲೈಸೆನ್ಸ್, ಅದರ ಯಾವ ಷರತ್ತು ಮುರಿದಿದೆ, ಎಲ್ಲಿ ಮಾರುತ್ತಿದ್ದಾರೆ, ನಿಮಗೆ ಏನು ಬೇಕು, ಎಷ್ಟು ದಿನದಲ್ಲಿ ಬೇಕು. ಏನು ಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಮಾರಾಟ ನಿಲ್ಲಬೇಕೇ? ಹಿಂದಿನ ಮಾರಾಟದ ಲೆಕ್ಕ ಮತ್ತು ಪಾಲು ಬೇಕೇ? ಅಥವಾ ಸರಿಯಾದ ಲೈಸೆನ್ಸ್ ಕೊಟ್ಟು ಮುಂದುವರಿಸಲು ಒಪ್ಪುತ್ತೀರಾ? ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ.

ಸಿಸಿ 4.0 ಲೈಸೆನ್ಸಿನಲ್ಲಿ ಒಂದು ಅಂಶವಿದೆ. ಷರತ್ತು ಮುರಿದವರ ಅನುಮತಿ ತಾನಾಗೇ ರದ್ದಾಗುತ್ತದೆ. ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿಕೊಂಡರೆ ಅನುಮತಿ ಮರಳುತ್ತದೆ, ಆದರೆ ಆಗಿಹೋದದ್ದಕ್ಕೆ ಪರಿಹಾರ ಕೇಳುವ ನಿಮ್ಮ ಹಕ್ಕು ಉಳಿಯುತ್ತದೆ. ಪತ್ರದಲ್ಲಿ ಇದನ್ನು ಬರೆದರೆ ಕಂಪನಿಗೆ ಗೌರವದಿಂದ ಹಿಂದೆ ಸರಿಯಲು ದಾರಿ ಸಿಗುತ್ತದೆ.

ಆಧಾರವಿಲ್ಲದೆ ಬೆದರಿಸಬೇಡಿ. 60ನೇ ಸೆಕ್ಷನ್ ಪ್ರಕಾರ ಸುಳ್ಳು ಬೆದರಿಕೆಗೆ ಒಳಗಾದವರು ನಿಮ್ಮ ಮೇಲೆಯೇ ದಾವೆ ಹೂಡಬಹುದು. ನಾನು ಎನ್‌ಸಿ ಷರತ್ತಿನಲ್ಲಿ ಹಂಚಿದ ಜೋಡೆತ್ತಿನ ಮಾದರಿಯನ್ನು ಒಂದು ಉಡುಗೊರೆ ಕಂಪನಿ ತನ್ನ ಹೊಸ ವಿನ್ಯಾಸ ಎಂದು ಮಾರುತ್ತಿದ್ದುದನ್ನು ಕಂಡಾಗ ಸಿಟ್ಟು ನೆತ್ತಿಗೇರಿತ್ತು. ಪತ್ರದಲ್ಲಿ ಆ ಸಿಟ್ಟು ಒಂದು ಸಾಲೂ ಬರದಂತೆ ನೋಡಿಕೊಂಡೆ. ಕೊಂಬಿನ ಕೆಳಗೆ ನಾನು ಇಟ್ಟಿದ್ದ ಗುರುತಿನ ಫೋಟೋ ಲಗತ್ತಿಸಿದೆ. ಪುಟ ಇಳಿಯಿತು, ಕ್ಷಮೆ ಬರಲಿಲ್ಲ.

“ಆನ್‌ಲೈನ್ ಅಂಗಡಿಯಿಂದ ತೆಗಸೋದು ಹ್ಯಾಂಗ?”

ತಾಣದ ದೂರು ಅಧಿಕಾರಿಗೆ ಲಿಖಿತ ದೂರು ಕೊಡಿ. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಮತ್ತು 2013ರ ನಿಯಮ 75ರ ಪ್ರಕಾರ ದೂರು ಸರಿಯಾಗಿದ್ದರೆ 36 ಗಂಟೆಯೊಳಗೆ ಪ್ರವೇಶ ತಡೆಯಬೇಕು. ಆ ತಡೆ 21 ದಿನ ಇರುತ್ತದೆ. ಅಷ್ಟರಲ್ಲಿ ಕೋರ್ಟ್ ಆದೇಶ ತರದಿದ್ದರೆ ಪುಟ ಮತ್ತೆ ತೆರೆದುಕೊಳ್ಳಬಹುದು. ಅಮೆರಿಕದ ತಾಣವಾದರೆ ಡಿಎಂಸಿಎ ಎಂಬ ಅಲ್ಲಿನ 1998ರ ಡಿಜಿಟಲ್ ಕಾಪಿರೈಟ್ ಕಾನೂನಿನ ಫಾರಂ ಇರುತ್ತದೆ. ಅಲ್ಲಿ ಎದುರಾಳಿ ಪ್ರತಿ ನೋಟಿಸ್ ಕೊಟ್ಟರೆ, 10ರಿಂದ 14 ಕೆಲಸದ ದಿನಗಳಲ್ಲಿ ನೀವು ಕೋರ್ಟಿಗೆ ಹೋಗದಿದ್ದರೆ, ಪುಟ ಮರಳುತ್ತದೆ.

“‘ನಿಮ್ಮ ಹೆಸರು ಹಾಕೀವಲ್ಲ, ಇನ್ನೇನು ಬೇಕು?’ ಅಂತ ಕೇಳತಾರ”

ಹೆಸರು ಹಾಕುವುದು ಒಂದು ಷರತ್ತು. ವ್ಯಾಪಾರ ಮಾಡದಿರುವುದು ಇನ್ನೊಂದು. ಒಂದನ್ನು ಪಾಲಿಸಿದ್ದಕ್ಕೆ ಇನ್ನೊಂದು ಮಾಫಿ ಆಗುವುದಿಲ್ಲ. 2008ರಲ್ಲಿ ಅಮೆರಿಕದ ಕೋರ್ಟೊಂದು ಜೇಕಬ್ಸನ್ ಪ್ರಕರಣದಲ್ಲಿ ಇದನ್ನು ಚೆನ್ನಾಗಿ ಹೇಳಿತು. ಅಲ್ಲಿ ಜಗಳ ಇದ್ದದ್ದು ಆಟಿಕೆ ರೈಲು ಓಡಿಸುವ ಉಚಿತ ತಂತ್ರಾಂಶದ ಬಗ್ಗೆ. ದುಡ್ಡು ಕೇಳದೆ ಹಂಚಿದರೂ ಲೈಸೆನ್ಸಿನ ಷರತ್ತುಗಳಿಗೆ ಬೆಲೆ ಇದೆ, ಮುರಿದರೆ ಕಾಪಿರೈಟ್ ಉಲ್ಲಂಘನೆಯಾಗಬಹುದು ಎಂದಿತು.

ಹೆಸರನ್ನು ಅಳಿಸಿದರೆ ವಿಷಯ ಇನ್ನೂ ಗಂಭೀರ. 57ನೇ ಸೆಕ್ಷನ್ ಕೊಡುವ ನೈತಿಕ ಹಕ್ಕು ನಿಮ್ಮನ್ನು ಬಿಟ್ಟು ಹೋಗುವುದೇ ಇಲ್ಲ, ಕಾಪಿರೈಟ್ ಮಾರಿದರೂ ಸಹ. ಕೃತಿ ನನ್ನದು ಎನ್ನುವ ಹಕ್ಕು, ಅದನ್ನು ವಿಕಾರ ಮಾಡಿ ನನ್ನ ಮಾನ ಕಳೆಯಬೇಡಿ ಎನ್ನುವ ಹಕ್ಕು. ಶಿಲ್ಪಿ ಅಮರನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಉಗ್ರಾಣಕ್ಕೆ ಹಾಕಿತ್ತು. ಸರ್ಕಾರ ಅದರ ಮಾಲೀಕನೇ. ಆದರೂ 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪಿಗೆ ಅದನ್ನು ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಮ್ಮ ಕಲಾವಿದರು ಈ ತೀರ್ಪನ್ನು ನೆನಪಿಟ್ಟುಕೊಳ್ಳಬೇಕು.

“ಇಪ್ಪತ್ತು ಪರ್ಸೆಂಟ್ ಬದಲ್ ಮಾಡಿದ್ರ ಹೊಸದಾಗತೈತಿ ಅಂತಾರಲ್ರಿ?”

ಅಂಥ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ನೋಡಿದವರಿಗೆ ಇದು ಅದರ ನಕಲು ಅನ್ನಿಸುವುದೇ ಎಂಬುದೇ ಅಳತೆ.

“ಕೋರ್ಟು ಅಂದ್ರ ಬೆಂಗಳೂರಿಗೆ, ಮುಂಬೈಗೆ ಅಡ್ಡಾಡಬೇಕೇನ್ರಿ?”

ಬೇಕಿಲ್ಲ. ಕಲಾವಿದರ ಪರವಾಗಿ ಕಾಯ್ದೆ ಮಾಡಿದ ಒಳ್ಳೆಯ ಕೆಲಸ ಇದು. 62ನೇ ಸೆಕ್ಷನ್ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹಾಕಬಹುದು. ಕಂಪನಿ ದೆಹಲಿಯದ್ದಾಗಿರಲಿ, ನೀವು ರೋಣದಲ್ಲಿದ್ದರೆ ಗದಗ, ಸವಣೂರಿನಲ್ಲಿದ್ದರೆ ಹಾವೇರಿ. ಮೇಲ್ಮನವಿಗೂ ಹೈಕೋರ್ಟಿನ ಧಾರವಾಡ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು.

ದಾವೆಯ ಮೌಲ್ಯ 3 ಲಕ್ಷ ರೂಪಾಯಿ ಮುಟ್ಟಿದರೆ ವಾಣಿಜ್ಯ ನ್ಯಾಯಾಲಯದ ಕಾನೂನು ಅನ್ವಯಿಸುತ್ತದೆ. ತುರ್ತು ತಡೆ ಕೇಳದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಸಣ್ಣ ಕಲಾವಿದರಿಗೆ ಅದೇ ಲೇಸು ಅಂತ ನನಗನ್ನಿಸುತ್ತದೆ. ಉಲ್ಲಂಘನೆಯಾದ 3 ವರ್ಷದೊಳಗೆ ದಾವೆ ಹಾಕಬೇಕು. ಕ್ರಿಮಿನಲ್ ದಾರಿಯೂ ಇದೆ: ಗೊತ್ತಿದ್ದೂ ವ್ಯಾಪಾರಕ್ಕಾಗಿ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.

ವಕೀಲರ ಫೀ ಕೊಡಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಮಿತಿಯೊಳಗಿನವರಿಗೆ ಉಚಿತ ವಕೀಲರು ಸಿಗುತ್ತಾರೆ.

## ಗಟ್ಟಿ ಪ್ರಶ್ನೆಗಳು

“ಲಕ್ಕುಂಡಿ ಗುಡಿ ಕಂಬ ಸ್ಕ್ಯಾನ್ ಮಾಡಿ ಹಾಕಿದ್ದೆ. ಅದನ್ನ ಯಾರೋ ಮಾರಾಕತ್ತಾರ. ಅದು ನಂದಲ್ಲೇನು?”

ಇಲ್ಲಿ ನಿಮ್ಮ ನೆಲ ಗಟ್ಟಿಯಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಕಂಬಕ್ಕೆ ಈಗ ಕಾಪಿರೈಟ್ ಇಲ್ಲ. ಇದ್ದದ್ದನ್ನು ಇದ್ದಂತೆ ಸ್ಕ್ಯಾನ್ ಮಾಡಿದರೆ ನೀವು ಹೊಸದಾಗಿ ಸೇರಿಸಿದ್ದು ಏನು ಎಂಬ ಪ್ರಶ್ನೆ ಬರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಮೆಶ್‌ವರ್ಕ್ಸ್ ಎಂಬ ಕಂಪನಿ ಟೊಯೋಟಾ ಕಾರುಗಳನ್ನು ಅಳೆದು, ದಿನಗಟ್ಟಲೆ ಕೈಯಿಂದ ತಿದ್ದಿ ಮಾಡಿದ ಡಿಜಿಟಲ್ ಮಾದರಿಗಳಿಗೂ ಕಾಪಿರೈಟ್ ಸಿಗಲಿಲ್ಲ. ಶ್ರಮ ಬಹಳ ಇತ್ತು, ಹೊಸ ಸೃಷ್ಟಿ ಇರಲಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಕೂಡ 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಶ್ರಮ ಮಾತ್ರ ಸಾಲದು, ಅಷ್ಟಿಷ್ಟಾದರೂ ಸೃಜನಶೀಲತೆ ಬೇಕು ಎಂದಿದೆ. ಒಡೆದ ಶಿಲ್ಪದ ಮುಖವನ್ನು ನಿಮ್ಮ ಕಲ್ಪನೆಯಿಂದ ತುಂಬಿದ್ದರೆ ಆ ಭಾಗ ನಿಮ್ಮದು. ಅದನ್ನು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿಡಿ. ಇತಿಹಾಸಕ್ಕೂ ಅದು ನ್ಯಾಯ. ಸಂರಕ್ಷಿತ ಸ್ಮಾರಕದಲ್ಲಿ ಸ್ಕ್ಯಾನ್ ಮಾಡಲು ಪುರಾತತ್ವ ಇಲಾಖೆಯ ಒಪ್ಪಿಗೆ ಕೇಳುವುದು ಇದರಿಂದ ಬೇರೆ ವಿಷಯ, ಅದನ್ನು ಮೊದಲೇ ಮುಗಿಸಿಕೊಳ್ಳಿ.

ಶಿಗ್ಗಾವಿ ಹತ್ತಿರದ ಗೊಟಗೋಡಿ ರಾಕ್ ಗಾರ್ಡನ್‌ನ ಶಿಲ್ಪಗಳು ಹಾಗಲ್ಲ. ಅವು ನಮ್ಮ ಕಾಲದ ಕಲಾವಿದರವು, ಹಕ್ಕು ಜೀವಂತ ಇದೆ. ಸಾರ್ವಜನಿಕ ಸ್ಥಳದಲ್ಲಿ ಕಾಯಂ ಇರುವ ಶಿಲ್ಪದ ಚಿತ್ರ ಬರೆಯಲು, ಫೋಟೋ ತೆಗೆಯಲು 52ನೇ ಸೆಕ್ಷನ್ ಬಿಡುತ್ತದೆ. 3ಡಿ ಪ್ರತಿ ಮಾಡಲು ಬಿಡುವುದಿಲ್ಲ. ನಾವು ಕಂಪನಿಗಳಿಂದ ಬಯಸುವ ಮರ್ಯಾದೆಯನ್ನು ನಾವೂ ಆ ಶಿಲ್ಪಿಗಳಿಗೆ ತೋರಬೇಕು.

“ನಂದು ಮೂರ್ತಿ ಅಲ್ರಿ, ಮೊಬೈಲ್ ಸ್ಟ್ಯಾಂಡು, ಮಿಕ್ಸರ್ ಬಿಡಿಭಾಗ. ಅದಕ್ಕೂ ಇದೇ ಕಾನೂನಾ?”

ಇಲ್ಲಿ ಹೆಚ್ಚು ಎಚ್ಚರ ಬೇಕು. ಬಳಕೆಯ ವಸ್ತುವಿನ ಆಕಾರ 2000ದ ವಿನ್ಯಾಸ ಕಾಯ್ದೆಯಡಿ ಬರಬಹುದು. ಹಾಗೆ ಬರುವಂಥದ್ದನ್ನು ನೋಂದಾಯಿಸದೆ, ಮಾಲೀಕರೇ ಅಥವಾ ಅವರ ಲೈಸೆನ್ಸ್ ಪಡೆದವರು ಯಂತ್ರದಿಂದ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ, ಆ ವಿನ್ಯಾಸದ ಕಾಪಿರೈಟ್ ಮುಗಿಯುತ್ತದೆ. ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಹೇಳುವುದು ಇದನ್ನೇ. ಕದ್ದವರು ಮಾಡಿದ ಪ್ರತಿ ಆ ಐವತ್ತರಲ್ಲಿ ಸೇರುವುದಿಲ್ಲ. ಆದರೆ ‘ಯಾರಾದರೂ ಮಾಡಿಕೊಳ್ಳಿ’ ಎಂದು ಲೈಸೆನ್ಸ್ ಕೊಟ್ಟಿದ್ದರೆ, ಅದನ್ನು ನಂಬಿ ಮಾಡಿದ ಪ್ರತಿಗಳು ಸೇರುತ್ತವೆ ಎಂಬ ವಾದ ಎದುರಾಗಬಹುದು. ವಿನ್ಯಾಸ ನೋಂದಣಿ ಮಾಡಿಸೋಣ ಅಂದರೆ ಅದು ಹೊಸದಾಗಿರಬೇಕು, ಮೊದಲೇ ಪ್ರಕಟವಾಗಿರಬಾರದು. ಉಚಿತವಾಗಿ ಹಾಕಿದ ದಿನವೇ ಆ ಬಾಗಿಲು ಮುಚ್ಚುತ್ತದೆ. ಮಾರುವ ಯೋಚನೆ ಇರುವ ವಸ್ತುವಾದರೆ ಮೊದಲು ನೋಂದಣಿ, ಆಮೇಲೆ ಹಂಚುವುದು. ನೋಂದಾಯಿಸಿದರೆ 10 ವರ್ಷ, ಮುಂದೆ 5 ವರ್ಷ ರಕ್ಷಣೆ ಸಿಗುತ್ತದೆ.

ಕಲೆ ಎಲ್ಲಿ ಮುಗಿದು ವಿನ್ಯಾಸ ಎಲ್ಲಿ ಶುರು ಎಂಬ ಬಗ್ಗೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕ್ರಯೋಗ್ಯಾಸ್ ಪ್ರಕರಣದಲ್ಲಿ ಅಳತೆಗೋಲು ಕೊಟ್ಟಿದೆ. ಅದು ಶುದ್ಧ ಕಲಾಕೃತಿಯೋ, ಕಾರ್ಖಾನೆಯ ವಸ್ತುವಿಗೆ ಹಚ್ಚಿದ ವಿನ್ಯಾಸವೋ ಎಂದು ನೋಡಬೇಕು, ಮುಖ್ಯವಾಗಿ ಅದರ ಉಪಯೋಗವೇನು ಎಂದು ಕೇಳಬೇಕು. ಪೂರಾ ಕೆಲಸಕ್ಕಷ್ಟೇ ಇರುವ ಬಿಡಿಭಾಗಕ್ಕೆ ಇವೆರಡೂ ರಕ್ಷಣೆ ಕಷ್ಟ. ಅಂಥದ್ದನ್ನು ಹಂಚುವಾಗ ಕಂಪನಿ ಒಯ್ಯಬಹುದು ಎಂದು ತಿಳಿದೇ ಹಂಚಿ.

“ಆಫೀಸಿನ ಲ್ಯಾಪ್‌ಟಾಪ್‌ನಾಗ ರಾತ್ರಿ ಕೂತು ಮಾಡಿದ್ದು ಯಾರದ್ದು?”

ನೌಕರಿಯ ಕೆಲಸದ ಭಾಗವಾಗಿ ಮಾಡಿದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಲೀಕರದ್ದು. ಕೆಲಸಕ್ಕೆ ಸಂಬಂಧವಿಲ್ಲದ್ದು ನಿಮ್ಮದು. ಆದರೆ ಆಫೀಸಿನ ಯಂತ್ರದಲ್ಲಿ ಮಾಡಿದರೆ ಸಾಬೀತು ಮಾಡಲು ಒದ್ದಾಡಬೇಕಾಗುತ್ತದೆ. ಸ್ವಂತ ಕೆಲಸಕ್ಕೆ ಸ್ವಂತ ಕಂಪ್ಯೂಟರ್ ಇರಲಿ, ನೇಮಕದ ಪತ್ರವನ್ನು ಒಮ್ಮೆ ಪೂರ್ತಿ ಓದಿ.

“ನನ್ನ ಮಾದರಿ ಎಐ ತರಬೇತಿಗೆ ಹಾಕ್ಯಾರ ಅಂತ ಅನುಮಾನ. ತಡೀಬಹುದಾ?”

ತರಬೇತಿಗಾಗಿ ಪ್ರತಿ ಮಾಡುವುದು ಉಲ್ಲಂಘನೆಯೇ ಎಂಬ ಪ್ರಶ್ನೆಯನ್ನು ಎಎನ್‌ಐ ಸುದ್ದಿಸಂಸ್ಥೆ 2024ರ ನವೆಂಬರ್‌ನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಒಯ್ದಿದೆ. ಅದರ ಅಂತಿಮ ತೀರ್ಪು ಬರುವವರೆಗೆ ನಿಮ್ಮ ಕೈಯಲ್ಲಿರುವುದು ಬರಹ. ‘ಯಂತ್ರ ಕಲಿಕೆಗೆ ಬಳಸಲು ಒಪ್ಪಿಗೆ ಇಲ್ಲ’ ಎಂಬ ಸಾಲನ್ನು ವಿವರಣೆಯಲ್ಲಿ ಸೇರಿಸಿ. ತಾಣದಲ್ಲಿ ಅಂಥ ಆಯ್ಕೆ ಇದ್ದರೆ ಒತ್ತಿ. ಅಪ್‌ಲೋಡ್ ಮಾಡುವ ಮುಂಚೆ ತಾಣದ ಷರತ್ತುಗಳನ್ನು ಓದಿ. ಎಷ್ಟೋ ಸಲ ಅನುಮತಿಯನ್ನು ನಾವೇ ಅಲ್ಲಿ ಕೊಟ್ಟಿರುತ್ತೇವೆ.

“ಒಂದು ಕಂಪನಿ ತಾನಾಗೇ ಕೇಳೈತಿ, ದುಡ್ಡೂ ಕೊಡತೀವಿ ಅಂದಾರ. ಏನೇನು ಬರಸ್ಕೋಬೇಕು?”

ಇಂಥ ಪತ್ರ ಬಂದಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಕೇಳಿ ಒಯ್ಯುವ ಕಂಪನಿಗೆ ಒಳ್ಳೆಯ ಮನಸ್ಸಿನಿಂದ ಕೊಡಿ. ಎನ್‌ಸಿ ಲೈಸೆನ್ಸಿನಲ್ಲಿ ಎಲ್ಲರಿಗೂ ಹಂಚಿರುವ ಮಾದರಿಯನ್ನೇ ಒಬ್ಬರಿಗೆ ಪ್ರತ್ಯೇಕವಾಗಿ ವ್ಯಾಪಾರದ ಲೈಸೆನ್ಸಿನಲ್ಲಿ ಕೊಡಲು ಯಾವ ಅಡ್ಡಿಯೂ ಇಲ್ಲ, ಹಕ್ಕು ನಿಮ್ಮದೇ.

ಹಕ್ಕಿನ ವರ್ಗಾವಣೆ ಪತ್ರಕ್ಕೆ ಸಹಿ ಹಾಕಬೇಡಿ, ಲೈಸೆನ್ಸ್ ಮಾತ್ರ ಕೊಡಿ. ಯಾವ ಮಾದರಿ, ಯಾವ ವಸ್ತುವಿನ ಮೇಲೆ, ಎಷ್ಟು ಪ್ರತಿ, ಯಾವ ಊರು ಅಥವಾ ದೇಶದಲ್ಲಿ, ಎಷ್ಟು ಕಾಲ, ದುಡ್ಡು ಎಷ್ಟು, ಯಾವಾಗ, ನಿಮ್ಮ ಹೆಸರು ಡಬ್ಬಿಯ ಮೇಲೆ ಎಲ್ಲಿ ಬರುತ್ತದೆ, ಇಷ್ಟೂ ಬರಹದಲ್ಲಿರಲಿ. ಅವಧಿ ಬರೆಯದಿದ್ದರೆ ಕಾಯ್ದೆ 5 ವರ್ಷ ಎಂದು ಹಿಡಿಯುತ್ತದೆ, ಪ್ರದೇಶ ಬರೆಯದಿದ್ದರೆ ಇಡೀ ಭಾರತ. ಬಳಕೆಯ ವಸ್ತುವಾದರೆ ಮೇಲೆ ಹೇಳಿದ ಐವತ್ತು ಪ್ರತಿಯ ಲೆಕ್ಕ ಇಲ್ಲಿಗೂ ಬರುತ್ತದೆ, ಮರೆಯಬೇಡಿ. ಮೂರು ತಿಂಗಳಿಗೊಮ್ಮೆ ಮಾರಾಟದ ಲೆಕ್ಕ ಕಳಿಸಬೇಕು ಎಂಬ ಸಾಲು ಸೇರಿಸಿ. ಬೇರೆಯವರಿಗೂ ಕೊಡುವ ಹಕ್ಕು ನನಗೆ ಉಳಿದಿದೆ ಎಂಬ ಸಾಲನ್ನೂ ಬಿಡಬೇಡಿ, ಅವರು ಪೂರ್ತಿ ತಮಗೇ ಬೇಕು ಅಂದರೆ ಬೆಲೆ ಅದಕ್ಕೆ ತಕ್ಕಂತೆ ಏರಬೇಕು. ಜಗಳ ಬಂದರೆ ಯಾವ ಊರಿನ ಕೋರ್ಟು ಎಂಬ ಜಾಗದಲ್ಲಿ ಕಂಪನಿಯವರು ತಮ್ಮ ಊರು ತುಂಬಿ ಕಳಿಸಿರುತ್ತಾರೆ. ಅದನ್ನು ಹೊಡೆದು ನಿಮ್ಮ ಜಿಲ್ಲೆಯ ಹೆಸರು ಬರೆದು ವಾಪಸ್ ಕಳಿಸಿ.